ದಯವಿಟ್ಟು ಮುಚ್ಚಳ ತೆಗೆಯಬೇಡಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಕೋಳಿಯಿಂದ ಎಂದರೆ ಮೊಟ್ಟೆಯ ಪಕ್ಷದವರು ಜಗಳಕ್ಕೆ ಬರುತ್ತಾರೆ. ನೀರಿನಿಂದ ಎಂದರೆ ಮೊದಲ ಸಾಲೇ ತೆಳ್ಳಗಾಗುತ್ತದೆ. ಅಕ್ಕನ ಕಾಯಿಲೆಯಿಂದ ಎಂದರೆ ನೀವಿನ್ನೂ ಕೂರುವ ಮೊದಲೇ ನಿಮ್ಮ ಕೈಗೆ ಕರವಸ್ತ್ರ ತುರುಕಿದಂತಾಗುತ್ತದೆ. ಅಷ್ಟು ಅವಸರ ನನಗಿಲ್ಲ. ಹಾಗಾಗಿ ಪಾತ್ರೆಯಿಂದ ಶುರು ಮಾಡುತ್ತೇನೆ. ಪಾತ್ರೆಗೆ ಯಾರ ಮೇಲೂ ದೂರಿಲ್ಲ.

ಪಾತ್ರೆ ಎಂದರೆ ಸ್ಲೋ ಕುಕ್ಕರ್. ಸೀಟಿ ಹೊಡೆದು ಬೀದಿಗೆಲ್ಲ ಸುದ್ದಿ ಮುಟ್ಟಿಸುವ ಕುಕ್ಕರ್ ಬೇರೆ. ಇದು ಬಾಯೇ ಬಿಡುವುದಿಲ್ಲ. ಹೊರಗೆ ಕರೆಂಟಿನಿಂದ ಬಿಸಿಯಾಗುವ ಒಂದು ಕವಚ, ಒಳಗೆ ದಪ್ಪನೆಯ ಪಿಂಗಾಣಿ ಪಾತ್ರೆ, ಮೇಲೊಂದು ಗಾಜಿನ ಮುಚ್ಚಳ. ಬೆಳಿಗ್ಗೆ ತುಂಬಿಸಿ ಗುಂಡಿ ತಿರುಗಿಸಿದರೆ ಸಂಜೆಗೆ ಬೆಂದಿರುತ್ತದೆ. ನಡುವೆ ಮನುಷ್ಯ ಮಾಡಬೇಕಾದ ಕೆಲಸ ಒಂದೇ, ಸುಮ್ಮನಿರುವುದು. ಮುಚ್ಚಳ ತೆಗೆದರೆ ಕಾವೆಲ್ಲ ಹಾರಿಹೋಗುತ್ತದೆ. ಮತ್ತೆ ಅಷ್ಟು ಕಾವು ಕೂಡಬೇಕಾದರೆ ಅದು ತನ್ನದೇ ಹೊತ್ತು ತೆಗೆದುಕೊಳ್ಳುತ್ತದೆ.

ಈ ಪಾತ್ರೆ ಈಗ ಒಬ್ಬ ಬೀಗ ರಿಪೇರಿಯವನ ಅಡುಗೆಮನೆಯ ಕಟ್ಟೆಯ ಮೇಲಿದೆ. ಮುಚ್ಚಿದ್ದನ್ನು ತೆರೆಯುವುದೇ ಕಸುಬಾದವನ ಕೈಗೆ ತೆರೆಯಬಾರದ ಪಾತ್ರೆ!

(ಒಳ್ಳೆಯ ಆರಂಭ ಎಂದು ನಾನು ಬೆನ್ನು ತಟ್ಟಿಕೊಂಡೆ. ಅವನು ಒಪ್ಪಲಿಲ್ಲ.)

"ಸಾರ್, ನನ್ನ ಕಸುಬನ್ನೂ ಈ ಮುಚ್ಚಳಾನೂ ಗಂಟು ಹಾಕಿ ಏನೋ ದೊಡ್ಡ ಅರ್ಥ ಹೊರಡಿಸ್ತಿದ್ದೀರಲ್ಲ, ಅದು ಬೇಡ. ಮುಚ್ಚಳ ಮುಚ್ಚಳಾನೇ."

"ಕಥೆ ಅಂದಮೇಲೆ ಸಂಕೇತ ಅಂತ ಒಂದಿರಬೇಕಲ್ಲಪ್ಪ."

"ಇರ್ಲಿ ಬಿಡಿ. ಅದನ್ನ ಅಕ್ಕ ತಿಂತಾಳಾ?"

ನಾನು ಮುಂದಿನ ನಂಬರ್ ಹಾಕಿದೆ.

೨

ಅವನನ್ನು ತಮ್ಮ ಎಂದು ಕರೆಯೋಣ. ವಯಸ್ಸು ಐವತ್ತು ದಾಟಿದೆ, ಮೀಸೆ ನರೆತಿದೆ, ಹೆಂಡತಿ ತೀರಿಕೊಂಡಿದ್ದಾಳೆ, ಮಗಳು ಮದುವೆಯಾಗಿ ಆಚೆ ಬೀದಿಯಲ್ಲಿದ್ದಾಳೆ. ಆದರೂ ಅಕ್ಕ ಕರೆಯುವುದು "ತಮ್ಮಾ" ಎಂದೇ. ಬೀದಿಯ ತಿರುವಿನಲ್ಲಿ ಅವನದೊಂದು ಗೂಡಂಗಡಿ. ಮೊಳೆಗಳಿಗೆ ನೇತುಹಾಕಿದ ಕೀಲಿಗಳು, ನಕಲು ಕೀಲಿ ಕೊರೆಯುವ ಒಂದು ಯಂತ್ರ, ಒಂದು ಸ್ಟೂಲು. ಇವತ್ತು ಅದರ ಬಾಗಿಲು ಹಾಕಿದೆ. ಬಾಗಿಲಿಗೆ ಬೀಗ ಹಾಕಿದ್ದಾನೋ ಇಲ್ಲವೋ ಅವನಿಗೇ ನೆನಪಿಲ್ಲ, ಮನಸ್ಸೆಲ್ಲ ಮನೆಯಲ್ಲಿದೆ.

ಅಕ್ಕ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವಳಾಗಿದ್ದವಳು. ಪಾಳಿ ಪಾಳಿಯ ಜನಕ್ಕೆ ಬೇಯಿಸಿ ಹಾಕಿ, ತಮ್ಮನನ್ನೂ ಸಾಕಿ, ಮದುವೆ ಮಾಡಿ, ತಾನು ಮಾತ್ರ ಒಬ್ಬಳೇ ಉಳಿದವಳು. ಯಾರ ಮನೆಗೆ ಊಟಕ್ಕೆ ಹೋದರೂ ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಒಲೆಯ ಬಳಿ ನಿಂತು, ಒಂದಾದರೂ ತಪ್ಪು ಹುಡುಕಿದ ಮೇಲೆಯೇ ಎಲೆಯ ಮುಂದೆ ಕೂರುತ್ತಿದ್ದಳು. "ಚೆನ್ನಾಗಿದೆ" ಎಂಬ ಮಾತು ಅವಳ ಬಾಯಿಂದ ಬಿದ್ದದ್ದನ್ನು ಕೇಳಿದವರಿಲ್ಲ. ತಮ್ಮನ ಮದುವೆಯ ಅಡುಗೆಗೆ ಅವಳು ಕೊಟ್ಟ ಪ್ರಶಸ್ತಿ, "ತಿನ್ನಬಹುದು." ಆ ಅಡುಗೆ ಭಟ್ಟ ಅದನ್ನೇ ಹೇಳಿಕೊಂಡು ಬಹಳ ದಿನ ತಿರುಗಿದ.

(ಎಲೆಯ ಮುಂದೆ ಎಂದು ಬರೆದದ್ದು ಕೈ ತಪ್ಪಿ. ತಟ್ಟೆಯ ಮುಂದೆ ಎಂದು ಓದಿಕೊಳ್ಳಿ. ಈ ಕಥೆ ಯಾವ ಊರಿನದು ಎಂದು ನೀವು ಪತ್ತೆದಾರಿಕೆ ಮಾಡುವುದು ನನಗೆ ಇಷ್ಟವಿಲ್ಲ.)

ಇಂಥ ಅಕ್ಕ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಳು. ಜ್ವರ ಬಿಟ್ಟಿತು, ಕಫ ಕರಗಿತು, ಮನೆಗೆ ಬಂದಳು. ಬಂದವಳು ಏನು ಕೊಟ್ಟರೂ ಒಂದು ಚಮಚ ಬಾಯಿಗಿಟ್ಟು "ಚೆನ್ನಾಗಿದೆ" ಎನ್ನುತ್ತಾಳೆ, ಬಟ್ಟಲು ಪಕ್ಕಕ್ಕಿಡುತ್ತಾಳೆ, ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಮೊದಲ ಸಲ ತಮ್ಮ ಹಿಗ್ಗಿ ಹೀರೇಕಾಯಿಯಾದ. ಆಮೇಲೆ ಅನುಮಾನ ಬಂತು. ಈಗೀಗ ಆ ಮಾತು ಕೇಳಿದರೆ ಅವನು ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಓಡುತ್ತಾನೆ.

ಡಾಕ್ಟರಮ್ಮ ಖಂಡಿತವಾಗಿ ಹೇಳಿಬಿಟ್ಟಿದ್ದಾರೆ: "ನಾಳೆ ಕರ್ಕೊಂಡು ಬನ್ನಿ. ಅಷ್ಟರಲ್ಲಿ ತಾವಾಗೇ ಬಾಯಿಂದ ತಿನ್ನೋಕೆ ಶುರು ಮಾಡ್ಲಿಲ್ಲ ಅಂದ್ರೆ ಅಡ್ಮಿಟ್ ಮಾಡಿ ಮೂಗಲ್ಲಿ ಟ್ಯೂಬ್ ಹಾಕ್ಬೇಕಾಗತ್ತೆ. ಈಗಲೇ ಎಷ್ಟು ಸೋತಿದ್ದಾರೆ ನೋಡಿ."

ಊರಿಗೆಲ್ಲ ಬಡಿಸಿದವಳ ಮೂಗಿಗೆ ಟ್ಯೂಬು. ತಮ್ಮನಿಗೆ ಇದನ್ನು ನೆನೆದರೆ ಅಳು ಬರುತ್ತದೆ. ನನಗೂ ಬರುತ್ತದೆ, ಆದರೆ ನಾನು ಬರೆಯಬೇಕಲ್ಲ.

೩ (ಹೊಡೆದುಹಾಕಲಾಗಿದೆ)

ಬಹಳ ಹಿಂದೆ ಕ್ಯಾಂಟೀನಿನ ಉಗ್ರಾಣದ ಬೀಗ ಜಾಮ್ ಆಗಿ, ರಿಪೇರಿಗೆ ತಮ್ಮನನ್ನೇ ಕರೆಸಿದರು. ಆಗಿನ್ನೂ ಕಪ್ಪು ಮೀಸೆ. ಬೀಗ ಬಿಚ್ಚಿ, ಎಣ್ಣೆ ಬಿಟ್ಟು, ಹೊರಟವನ ಕಣ್ಣಿಗೆ ಒಲೆಯ ಮೇಲಿದ್ದ ಸೊಂಟದೆತ್ತರದ ಹಂಡೆ ಬಿತ್ತು. ಯಾರೂ ನೋಡುತ್ತಿಲ್ಲವೆಂದು ಮುಚ್ಚಳ ಎತ್ತಿ ಇಣುಕಿದ. ಬೆನ್ನ ಮೇಲೆ ಸೌಟಿನ ಹಿಡಿ ಬಿತ್ತು. ಅಕ್ಕ ನಿಂತಿದ್ದಳು. ಅವಳು ಹೇಳಿದಳು,

ಸಾಕು. ಇಂಥ ಹಳೆಯ ನೆನಪುಗಳನ್ನು ತುಂಬಿಸಿದರೆ ಕಥೆಯ ಮೈ ಬೆಳೆಯುತ್ತದೆ. ಆರೋಗ್ಯಕರ ಸೂಪಿನ ಕಥೆಯಲ್ಲಿ ಕೊಬ್ಬು ಇರಬಾರದು. ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದ್ದೇನೆ. ನೀವೂ ಮರೆತುಬಿಡಿ.

೪

ಬೆಳಿಗ್ಗೆ. ಫೋನಿನ ಸ್ಪೀಕರ್ ಆನ್ ಮಾಡಿ ಅದನ್ನು ಉಪ್ಪಿನ ಡಬ್ಬಿಗೆ ಒರಗಿಸಿದ್ದಾನೆ. ಆ ಕಡೆ ಮಗಳು. ಈ ಸ್ಲೋ ಕುಕ್ಕರ್ ತಂದುಕೊಟ್ಟವಳೂ ಅವಳೇ.

"ಅಪ್ಪಾ, ಕೋಳಿ ಚರ್ಮ ತೆಗ್ದ್ಯಾ?"

"ತೆಗ್ದೆ."

"ಕೊಬ್ಬು?"

"ಅದನ್ನೂ ಕೆರೆದು ಕೆರೆದು ತೆಗ್ದೆ. ನನ್ನ ಮದುವೆ ಫೋಟೋದಲ್ಲಿ ನಾನಿದ್ದ ಹಾಗಿದೆ ಈಗ."

"ಸರಿ. ಕ್ಯಾರೆಟ್, ಆಲೂಗಡ್ಡೆ ತಳಕ್ಕೆ ಹಾಕು, ಅವು ಬೇಯೋದು ನಿಧಾನ. ಅದರ ಮೇಲೆ ಕೋಳಿ. ಮೂಳೆ ಇರ್ಲಿ, ರಸ ಬಿಡೋದೇ ಅದು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಒಂದಿಷ್ಟು ಮೆಣಸಿನಕಾಳು. ಎಲ್ಲ ಮುಳುಗೋ ಅಷ್ಟು ನೀರು."

"ಎಣ್ಣೆ?"

"ಹನೀನೂ ಬೇಡ."

"ಉಪ್ಪು?"

"ಚಿಟಿಕೆ. ಅತ್ತೆ ಬಿಪಿ ಗೊತ್ತಲ್ಲ."

"ಸೊಪ್ಪು ತಂದಿದ್ದೀನಿ, ಅದು?"

"ಅದು ಕೊನೇಲಿ. ಎಲ್ಲ ಬೆಂದ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಡು, ಸಾಕು. ಈಗ್ಲೇ ಹಾಕಿದ್ರೆ ಪಾಚಿ ಆಗತ್ತೆ. ಮತ್ತೆ ಅಪ್ಪಾ..."

"ಮುಚ್ಚಳ ತೆಗೀಬಾರ್ದು. ಗೊತ್ತು ಮಾರಾಯ್ತಿ."

"ನಿನ್ನ ಕೈ ನಂಗೊತ್ತು, ಅದಕ್ಕೇ ಹೇಳ್ದೆ. ಸಂಜೆ ಬರ್ತೀನಿ."

ತಮ್ಮ ಎಲ್ಲವನ್ನೂ ಹೇಳಿದ ಹಾಗೇ ಹಾಕಿದ, ಗುಂಡಿ ತಿರುಗಿಸಿದ. ಕೆಂಪು ದೀಪ ಹೊತ್ತಿತು. ಅಷ್ಟೇ. ಆಮೇಲೆ ಏನೂ ಆಗಲಿಲ್ಲ. ಓದುಗರೇ, ನನ್ನ ಕಷ್ಟ ಸ್ವಲ್ಪ ಅರ್ಥ ಮಾಡಿಕೊಳ್ಳಿ. ಒಲೆಯ ಮೇಲಾದರೆ ಉಕ್ಕುತ್ತದೆ, ಹೊತ್ತುತ್ತದೆ, ಯಾರಾದರೂ ಓಡಿ ಬರುತ್ತಾರೆ, ಒಂದು ಪುಟ ತುಂಬುತ್ತದೆ. ಇಲ್ಲಿ ಒಂದು ಕೆಂಪು ದೀಪ, ಸ್ಟೂಲಿನ ಮೇಲೆ ಒಬ್ಬ ಮನುಷ್ಯ, ಬಾಗಿಲಾಚೆಯ ಕೋಣೆಯಲ್ಲಿ ಗೋಡೆ ನೋಡುತ್ತ ಮಲಗಿರುವ ಅವನ ಅಕ್ಕ.

ನಾನೇ ಕೈ ಹಾಕಬೇಕಾಯಿತು.

"ನೋಡಿ, ನನಗೊಂದು ಐಡಿಯಾ ಬಂದಿದೆ. ಬೇಕಂತಲೇ ಏನಾದ್ರೂ ಕೆಡಿಸಿ. ಉಪ್ಪು ಜಾಸ್ತಿ ಹಾಕಿ. ಆಗ ನಿಮ್ಮಕ್ಕ ಬೈದೇ ಬೈತಾರೆ. ಬೈದ್ರೆ ಹಳೇ ಅಕ್ಕ ವಾಪಸ್ ಬಂದ ಹಾಗೆ. ಹೇಗಿದೆ ತಿರುವು?"

ತಮ್ಮ ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

"ನಿನ್ನೆ ಮಾಡಿದ್ದೀನಿ ಸಾರ್."

"ಏನು?"

"ಗಂಜಿಗೆ ಒಂದ್ ಚಮಚ ಉಪ್ಪು ಸುರಿದೆ. ನಾನೇ ನಾಲಿಗೆಗೆ ಇಟ್ಟು ನೋಡಿದೆ, ಬಾಯಿ ಸುಟ್ಟೋಯ್ತು. ತಗೊಂಡ್ ಹೋಗಿ ಕೊಟ್ಟೆ. ಒಂದ್ ಗುಟುಕು ಕುಡಿದ್ಲು. ಕಣ್ಣಲ್ಲಿ ನೀರು ಬಂತು. 'ಚೆನ್ನಾಗಿದೆ ತಮ್ಮಾ' ಅಂದ್ಲು."

ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ನನ್ನ ತಿರುವನ್ನು ನಾನು ಮಡಚಿ ಜೇಬಿಗೆ ಹಾಕಿಕೊಂಡೆ.

೫

ಮಧ್ಯಾಹ್ನ ಕಳೆಯುತ್ತಿದೆ. ಒಳಗೆ ಕ್ಯಾರೆಟ್ ತುಂಡುಗಳ ಅಂಚುಗಳು ಮೆತ್ತಗಾಗಿ ದುಂಡಾಗಿವೆ. ಮಾಂಸ ಮೂಳೆಯನ್ನು ಬಿಟ್ಟುಕೊಡಲೋ ಬೇಡವೋ ಎಂಬ ಯೋಚನೆಯಲ್ಲಿದೆ. ನೀರಿಗೆ ತಿಳಿಹಳದಿ ಬಣ್ಣ ಬಂದಿದೆ. ಒಂದು ಬೆಳ್ಳುಳ್ಳಿ ಎಸಳು ತೇಲಿ ಬಂದು, ದಡಕ್ಕೆ ತಾಗಿ, ಹಿಂದಿರುಗುತ್ತಿದೆ...

"ಸಾರ್."

"ಏನಪ್ಪ? ಈಗ ತಾನೇ ಲಹರಿ ಬಂದಿತ್ತು."

"ಗಾಜಿನ ತುಂಬ ಹನಿ ಕೂತಿದೆ. ಹೊರಗಿಂದ ಏನೂ ಕಾಣಲ್ಲ. ಬೆಳ್ಳುಳ್ಳಿ ತೇಲ್ತಿರೋದು ನಿಮಗೆ ಹೇಗೆ ಗೊತ್ತಾಯ್ತು?"

"ನಾನು ಕಥೆಗಾರ. ನನಗೆ ಎಲ್ಲ ಗೊತ್ತಿರುತ್ತೆ."

"ಮುಚ್ಚಳ ತೆಗೆದ್ರಾ?"

"...ಒಂಚೂರು."

"ಒಂದೇ ಸಲ ತಾನೇ?"

ಆ ಪ್ಯಾರಾವನ್ನು ನಾನು ತಿದ್ದಿ ತಿದ್ದಿ ಬರೆದದ್ದು ಎಂದು ಅವನಿಗೆ ಹೇಳಲಿಲ್ಲ. "ಬೆಳ್ಳುಳ್ಳಿ"ಯ ಜಾಗದಲ್ಲಿ ಮೊದಲು "ಮೆಣಸಿನಕಾಳು" ಇತ್ತು. ಅದು ಮುಳುಗಿದೆಯೋ ತೇಲಿದೆಯೋ ನೋಡಲು ಒಂದು ಸಲ, ಬಣ್ಣ ತಿಳಿಹಳದಿಯೋ ನಸುಕಂದೋ ಎಂದು ಇನ್ನೊಂದು ಸಲ. ಬೀಗದವನು ಸ್ಟೂಲಿನ ಮೇಲೆ ಕೈಕಟ್ಟಿ, ಪಾತ್ರೆಗೆ ಕಿವಿಗೊಟ್ಟು, ಬೀಗದೊಳಗಿನ ಸದ್ದು ಆಲಿಸುವ ಹಾಗೆ ಆಲಿಸುತ್ತ ಕೂತಿದ್ದ. ಮುಚ್ಚಳದ ಗುಬುಟನ್ನು ಮುಟ್ಟಿರಲಿಲ್ಲ. ಕೈ ತಡೆಯಲಾರದೆ ಹೋದವನು ನಾನು. ಯಾರ ಮೇಲೆ ಸಂಕೇತ ಹೊರಿಸಲು ಹೋದೆನೋ ಅವನು ಪಾರಾಗಿ ನಾನೇ ಸಿಕ್ಕಿಬಿದ್ದೆ.

ಆಗ ಒಳಗಿನ ಕೋಣೆಯಿಂದ ದನಿ ಬಂತು. ಒಣಗಿದ ದನಿ.

"ಮುಚ್ಚಳ ತೆಗೆದ್ಯೇನೋ?"

ತಮ್ಮ ಸ್ಟೂಲಿನಿಂದ ಎದ್ದುಬಿಟ್ಟ. ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

"ನಾನಲ್ಲ ಅಕ್ಕಾ!"

"ಮತ್ಯಾರು? ಗಾಜಿನ ಸದ್ದಾಯ್ತಲ್ಲ."

ಅವನು ನನ್ನ ಕಡೆ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ. ಅಲ್ಲಿ ಎದುರು ಮನೆಯವರ ಬಟ್ಟೆ ಒಣಗುತ್ತಿತ್ತು, ಅದರಲ್ಲಿ ವಿಶೇಷವೇನೂ ಇರಲಿಲ್ಲ.

"ಹ್ಞೂಂ," ಎಂದಳು ಅಕ್ಕ. ಮಂಚ ಕಿರುಗುಟ್ಟಿತು. ಮತ್ತೆ ಗೋಡೆ ಕಡೆ ತಿರುಗಿದಳೆಂದು ಇಬ್ಬರಿಗೂ ಗೊತ್ತಾಯಿತು.

೬

ಮಗಳು ಬಂದಳು. ಚೀಲ ಇಳಿಸಿ, ಮುಚ್ಚಳದ ಹತ್ತಿರ ಬಗ್ಗಿ, "ಇನ್ನೂ ಆಗಿಲ್ವಾ? ಇಷ್ಟೊತ್ತಿಗೆ ಆಗ್ಬೇಕಿತ್ತು!" ಎಂದಳು. ತಮ್ಮ ನನ್ನ ಹೆಸರು ಹೇಳಲಿಲ್ಲ. ದೊಡ್ಡ ಮನುಷ್ಯ.

ಮಾಡಿದ ತಪ್ಪಿಗೆ ಏನಾದರೂ ಪರಿಹಾರ ಕೊಡೋಣವೆಂದು ನಾನು ಕೆಲವು ಅಂತ್ಯಗಳನ್ನು ಮುಂದಿಟ್ಟೆ.

ಅಂತ್ಯ ಅ: ಅಕ್ಕ ಒಂದು ಬಟ್ಟಲು ಕುಡಿದು ಇನ್ನೊಂದು ಕೇಳುತ್ತಾಳೆ. ಎಲ್ಲರೂ ಅಳುತ್ತಾರೆ. (ಸುಳ್ಳು. ಟೀವಿಯಲ್ಲಿ ಮಾತ್ರ ಹೀಗಾಗುತ್ತದೆ, ಅದೂ ಜಾಹೀರಾತಿನಲ್ಲಿ.)

ಅಂತ್ಯ ಆ: ಅಕ್ಕ "ಚೆನ್ನಾಗಿದೆ" ಎನ್ನುತ್ತಾಳೆ. ನಾಳೆ ಟ್ಯೂಬು. (ಇದನ್ನು ಬರೆಯಲು ನನ್ನ ಕೈ ಏಳುವುದಿಲ್ಲ.)

ಅಂತ್ಯ ಇ: ಕರೆಂಟು ಹೋಗುತ್ತದೆ. (ಇದು ಕಥೆಗಾರನ ಸೋಮಾರಿತನ, ನೀವೂ ಗುರುತಿಸಿರುತ್ತೀರಿ.)

ತಮ್ಮ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ತಲೆಯೊಳಗೆ ಒಂದೇ ಪ್ರಶ್ನೆ ತಿರುಗುತ್ತಿತ್ತು. ಉಪ್ಪು ಸುರಿದರೂ ಕೇಳದವಳು, ಮುಚ್ಚಳ ತೆಗೆದದ್ದನ್ನು ಯಾಕೆ ಕೇಳಿದಳು?

"ಸಾರ್, ಬೆಳಿಗ್ಗೆ ಒಂದು ಹಾಳೆ ಹರಿದು ಹಾಕಿದ್ರಲ್ಲ, ಕ್ಯಾಂಟೀನಿಂದು. ಅದರಲ್ಲಿ ಅಕ್ಕ ಏನೋ ಅಂದ್ಲು. ಮಧ್ಯಕ್ಕೇ ಕತ್ತರಿಸಿದ್ರಿ."

"ಅದು ಕೊಬ್ಬು. ಕಥೆಗೆ ಬೇಕಿರಲಿಲ್ಲ. ನಿಮಗೇ ನೆನಪಿರಬೇಕಲ್ಲ?"

"ಏಟು ನೆನಪಿದೆ, ಮಾತು ನೆನಪಿಲ್ಲ. ತೆಗೀರಿ ಅದನ್ನ."

ಕಥೆಗಾರರು ಬುಟ್ಟಿಗೆ ಕೈ ಹಾಕುವ ದೃಶ್ಯ ನೋಡಲು ಚೆನ್ನಾಗಿರುವುದಿಲ್ಲ, ಆದ್ದರಿಂದ ಅದನ್ನು ಬಿಟ್ಟಿದ್ದೇನೆ.

೩ (ಮತ್ತೆ)

...ಅಕ್ಕ ನಿಂತಿದ್ದಳು. ಅವಳು ಹೇಳಿದಳು, "ಮೊದಲ ಹಬೆ ನಂದು ಕಣೋ! ಇನ್ಯಾರೋ ಮುಚ್ಚಳ ತೆಗೆದ್ರೆ ಅದು ಇನ್ಯಾರದೋ ಅಡುಗೆ. ಆಮೇಲೆ ನಂಗೇನೂ ತಿಳಿಯಲ್ಲ."

ಕ್ಯಾಂಟೀನಿನಲ್ಲಿ ಅದೇ ಪದ್ಧತಿ. ಅಕ್ಕ ನಾಲಿಗೆಗೆ ಇಟ್ಟು ರುಚಿ ನೋಡಿದವಳಲ್ಲ. ಬೆಂದ ಹೊತ್ತಿಗೆ ಬಂದು ಹಂಡೆಯ ಮುಂದೆ ನಿಲ್ಲುತ್ತಿದ್ದಳು. ಕೆಲಸದವರೆಲ್ಲ ಕೈ ಬಿಟ್ಟು ಸುಮ್ಮನಾಗುತ್ತಿದ್ದರು. ಅವಳೇ ಮುಚ್ಚಳ ಎತ್ತಿ, ಮೇಲೇಳುವ ಮೊದಲ ಹಬೆಯನ್ನು ಅಂಗೈಯಿಂದ ಮುಖದ ಕಡೆ ಬೀಸಿಕೊಂಡು, ಒಂದು ಕ್ಷಣ ಕಣ್ಣು ಮುಚ್ಚಿ, ಏನು ಕಮ್ಮಿ ಎಂದು ಹೇಳುತ್ತಿದ್ದಳು. ಅವಳು ಹೇಳದೆ ಯಾರೂ ಬಡಿಸುತ್ತಿರಲಿಲ್ಲ.

೭

ತಮ್ಮ ಹಾಳೆಯನ್ನು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ತಲೆ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕುಸಿದ.

"ನಾವು ಎಂಥ ಪೆದ್ದರೇ," ಎಂದ ಮಗಳಿಗೆ. "ಇಷ್ಟು ದಿನದಿಂದ ಎಲ್ಲ ಆರಿಸಿ, ಸೋಸಿ, ಬಟ್ಟಲಿಗೆ ಹಾಕಿ, ಮುಚ್ಚಿ, ತಗೊಂಡ್ ಹೋಗಿ ಕೊಡ್ತಿದ್ವಿ. ಬಿಸಿ ಇದ್ರೆ ನಾಲಿಗೆ ಸುಡತ್ತೆ ಅಂತ."

"ಆಸ್ಪತ್ರೆಲೂ ಹಂಗೇ ಅಲ್ವಾ ಅಪ್ಪಾ ಕೊಡ್ತಿದ್ದಿದ್ದು."

"ಅದೇ ಮತ್ತೆ! ಇನ್ಯಾರದೋ ಅಡುಗೆ. ಅವಳೇನು ಹೇಳ್ಬೇಕು? ನೆಂಟರ ಹಾಗೆ ಚೆನ್ನಾಗಿದೆ ಅಂದ್ಲು."

ಅವನು ಎದ್ದ. ಪ್ಲಗ್ ಕಿತ್ತು, ಎರಡು ಬಟ್ಟೆಗಳನ್ನು ಮಡಚಿ ಹಿಡಿದು, ಕುಕ್ಕರನ್ನು ಮುಚ್ಚಳದ ಸಮೇತ ಎತ್ತಿದ. ಕೋಣೆಯಲ್ಲಿ ಅಕ್ಕನ ಮಂಚದ ಪಕ್ಕ ಔಷಧಿಗಳಿದ್ದ ಪುಟ್ಟ ಮೇಜು. ಮಗಳು ಔಷಧಿಗಳನ್ನು ಕಿಟಕಿಯ ಕಟ್ಟೆಗೆ ಸರಿಸಿದಳು. ಕುಕ್ಕರ್ ಅಲ್ಲಿ ಕೂತಿತು, ಪ್ಲಗ್ ಅಲ್ಲಿ ಚುಚ್ಚಿಕೊಂಡಿತು, ಕೆಂಪು ದೀಪ ಮತ್ತೆ ಹೊತ್ತಿತು. ತಟ್ಟೆಯಲ್ಲಿ ಸೊಪ್ಪು, ಒಂದು ಸೌಟು, ಒಂದು ಖಾಲಿ ಬಟ್ಟಲು.

"ಏನೋ ಇದು?" ಅಕ್ಕ ಗೋಡೆಯಿಂದ ಅರ್ಧ ತಿರುಗಿದಳು.

"ಸೂಪು. ಆಗಿದ್ಯೋ ಇಲ್ವೋ ನಂಗೊತ್ತಿಲ್ಲ. ಮುಚ್ಚಳ ನಾವ್ಯಾರೂ ತೆಗೆಯಲ್ಲ. ಹೊತ್ತಾಯ್ತು ಅಂತ ನಿಂಗನ್ನಿಸಿದಾಗ ನೀನೇ ತೆಗಿ."

ಅಕ್ಕ ಮತ್ತೆ ಗೋಡೆ ಕಡೆ ತಿರುಗಲಿಲ್ಲ. ಕಾದರು. ಕೋಣೆಯಲ್ಲಿ ಶುಂಠಿಯ ವಾಸನೆ ನಿಧಾನಕ್ಕೆ ತುಂಬಿಕೊಂಡಿತು. ಒಳಗೆ ಏನಾಗುತ್ತಿದೆ ಎಂದು ನಾನು ಬರೆಯಲಿಲ್ಲ. ಗಾಜಿನ ಮೇಲೆ ಹನಿಗಳಿದ್ದವು, ಅಷ್ಟೇ ಕಾಣುತ್ತಿತ್ತು. ನಾನು ಕದ್ದ ಕಾವನ್ನು ಪಾತ್ರೆ ತಿರುಗಿ ಕೂಡಿಸಿಕೊಳ್ಳಲಿ ಎಂದು ನಾನು ಮೊದಲ ಬಾರಿಗೆ ಕೈಕಟ್ಟಿ ನಿಂತೆ.

ಬಹಳ ಹೊತ್ತಿನ ಮೇಲೆ ಅಕ್ಕ ಮೊಣಕೈ ಊರಿ ಎದ್ದಳು. ಮಗಳು ಬೆನ್ನಿಗೆ ದಿಂಬು ಕೊಟ್ಟಳು. ಅಕ್ಕನ ಕಣ್ಣು ಪಾತ್ರೆಯ ಮೇಲೆ ಆಡಿ, ಮೇಜಿನ ಮೇಲೆ ಆಡಿ, ಸೊಪ್ಪಿನ ತಟ್ಟೆಯ ಮೇಲೆ ನಿಂತಿತು. ಒಂದು ದಂಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ತಮ್ಮಾ."

"ಹೇಳಕ್ಕಾ."

"ಈ ಸೊಪ್ಪು ಹೆಚ್ಚಿದ್ದಾ, ಇಲ್ಲ ದನ ಬಾಯಿ ಹಾಕಿ ಬಿಟ್ಟದ್ದಾ?"

ತಮ್ಮನ ಮುಖ ನೀವು ನೋಡಬೇಕಿತ್ತು. ಕಣ್ಣಿನಲ್ಲಿ ನೀರು ತುಂಬಿಕೊಂಡು, ಮೀಸೆಯ ಕೆಳಗೆ ನಗು ತಡೆಯಲಾರದೆ, "ನಾನೇ ಅಕ್ಕಾ, ನಾನೇ ಹೆಚ್ಚಿದ್ದು. ಚಾಕು ಸರಿ ಇರ್ಲಿಲ್ಲ," ಎಂದ. ಬೀಗ ಯಾವುದೇ ಇರಲಿ, ತೆರೆದಾಗ ಅವನಿಗೆ ಇಷ್ಟು ಸಂತೋಷವಾದದ್ದನ್ನು ನಾನು ನೋಡಿಲ್ಲ. (ಈ ಸಾಲಿಗೆ ಅವನು ಆಕ್ಷೇಪಿಸಲಿಲ್ಲ. ಅವನಿಗೆ ಕೇಳಿಸಲಿಲ್ಲ.)

"ಚಾಕು ಸರಿ ಇದೆ. ಕೈ ಸರಿ ಇಲ್ಲ," ಎಂದಳು ಅಕ್ಕ. ಅವಳ ಕೈ ಮುಚ್ಚಳದ ಗುಬುಟಿಗೆ ಹೋಯಿತು. ಇನ್ನೊಂದು ಕೈಯ ಅಂಗೈ ಆಗಲೇ ಬೀಸಿಕೊಳ್ಳಲು ತಯಾರಾಗಿ ಪಾತ್ರೆಯ ಪಕ್ಕ ನಿಂತಿತ್ತು. ನಾನು ಪೆನ್ನು ಹಿಡಿದು ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದೆ.

"ಬಾಗಿಲಲ್ಲಿ ಯಾರೋ ನಿಂತಿದ್ದಾರಲ್ಲೋ. ಗಾಳಿ ಬರತ್ತೆ. ಹಬೆ ಹಾರ್ಹೋಗತ್ತೆ."

ತಮ್ಮ ಬಂದ. "ಸಾರ್," ಎಂದ, ಬಹಳ ಮರ್ಯಾದೆಯಿಂದಲೇ. ಮತ್ತು ನನ್ನ ಮುಖದ ಮುಂದೆ ಬಾಗಿಲು ಹಾಕಿ ಚಿಲಕ ಜಡಿದ.

೮

ಆದ್ದರಿಂದ ನಾವೀಗ ಹೊರಗಿದ್ದೇವೆ, ನಾನು ಮತ್ತು ನೀವು. ಅವಳು ತಿಂದಳೇ, ಒಂದು ಬಟ್ಟಲೋ ಅರ್ಧವೋ, ನಾಳೆ ಡಾಕ್ಟರಮ್ಮ ಏನೆನ್ನುತ್ತಾರೆ? ಎಲ್ಲ ನ್ಯಾಯವಾದ ಪ್ರಶ್ನೆಗಳೇ. ನಾನು ಮನಸ್ಸು ಮಾಡಿದರೆ ಗೋಡೆ ತೂರಿ ಒಳಗೆ ಹೋಗಬಲ್ಲೆ, ಕಥೆಗಾರರಿಗೆ ಚಿಲಕ ಯಾವ ಲೆಕ್ಕ. ಆದರೆ ಇವತ್ತು ನಾನು ಮುಚ್ಚಳ ತೆಗೆದದ್ದು ಸಾಕು. ಈ ಕೊನೆಯದು ಅವಳದು.

ಬಾಗಿಲಾಚೆ ಗಾಜು ಮೇಜಿಗೆ ತಾಗಿದ ಸದ್ದಾಯಿತು. ಆಮೇಲೆ ಅಕ್ಕ ಏನೋ ಹೇಳಿದಳು. ಏನೆಂದು ನನಗೆ ಸ್ಪಷ್ಟವಾಗಿ ಕೇಳಿಸಿತು, ನಿಮಗೆ ಹೇಳುವುದಿಲ್ಲ. "ಚೆನ್ನಾಗಿದೆ" ಎಂದಿದ್ದರೆ ಹೇಳಿಬಿಡುತ್ತಿದ್ದೆ.

ಈಗ ಸೌಟು ಪಾತ್ರೆಗೆ ತಾಗುತ್ತಿದೆ. ಯಾರ ಕೈಯಲ್ಲಿದೆಯೋ ಗೊತ್ತಿಲ್ಲ.